ಅಕ್ಕನ ರೈಲು, ನನ್ನ ಡಬ್ಬ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಹಕ್ಕಿ ನೋಡುತ್ತ ಕೂತರೆ ಬೈಗುಳ ಬೀಳುತ್ತಿತ್ತು, ಹಕ್ಕಿ ಓಡಿಸಿದರೆ ಬೆಲ್ಲ ಸಿಗುತ್ತಿತ್ತು. ತೊಂಡೇಬಾವಿ ಹತ್ತಿರ, ನಮ್ಮೂರ ಕೆರೆಯ ಪಕ್ಕದಲ್ಲೇ ನಮ್ಮ ಭತ್ತದ ಗದ್ದೆ. ತೆನೆಯಲ್ಲಿ ಹಾಲು ತುಂಬಿತೆಂದರೆ ಗೀಜಗ, ರಾಟವಾಳದಂಥ ಕಾಳು ತಿನ್ನುವ ಪುಟ್ಟ ಹಕ್ಕಿಗಳ ಹಿಂಡು ಹಾಜರ್. ಅವನ್ನು ಓಡಿಸಲು ನಾಲ್ಕು ಕಂಬದ ಮೇಲೊಂದು ಅಟ್ಟಣೆ. ಅದರ ಮೇಲೆ ನಾನು, ನನ್ನ ಕೈಯಲ್ಲಿ ಸೀಮೆಎಣ್ಣೆಯ ಹಳೇ ಡಬ್ಬ ಮತ್ತು ಒಂದು ಕೋಲು.

ನನಗೋ ಕೆರೆಯ ಹಕ್ಕಿಗಳ ಹುಚ್ಚು. ಒಂದು ದಿನ ಅಟ್ಟಣೆಯಿಂದ ಇಳಿದುಹೋಗಿ, ಹೆಜ್ಜಾರ್ಲೆ ತನ್ನ ಚೀಲದಂಥ ಕೊಕ್ಕಿನಲ್ಲಿ ಮೀನು ಬಾಚುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತ ಕೂತೆ. ಅಷ್ಟರಲ್ಲಿ ರಾಟವಾಳಗಳು ಗದ್ದೆಯ ಒಂದು ಮೂಲೆಯನ್ನೇ ಮುಗಿಸಿದ್ದವು. ಅದಕ್ಕೇ ಮರುದಿನ ಬೆಳಿಗ್ಗೆ ನನ್ನನ್ನು ಮೇಲೆ ಹತ್ತಿಸಿದ ಅಪ್ಪ, ಏಣಿಯನ್ನು ಹೆಗಲಿಗೇರಿಸಿ ಹೊರಟೇಬಿಟ್ಟರು.

ಅವತ್ತೇ ನಮ್ಮ ಅಕ್ಕ ಮದುವೆಯಾದ ಮೇಲೆ ಮೊದಲ ಸಲ ಗಂಡನ ಮನೆಗೆ, ಹಿಂದೂಪುರಕ್ಕೆ, ಮಧ್ಯಾಹ್ನದ ರೈಲಿನಲ್ಲಿ ಹೊರಡುವವಳಿದ್ದಳು. ನನ್ನ ತಲೆ ಬಾಚುತ್ತಿದ್ದವಳು, ನನ್ನ ಪಾಲಿನ ಬೈಗುಳವನ್ನೂ ತಾನೇ ತಿನ್ನುತ್ತಿದ್ದವಳು ಅವಳು.

"ಅಪ್ಪಾ, ಅಕ್ಕನ್ನ ಕಳ್ಸಕ್ಕೆ ನಾನೂ ಬರ್ಬೇಕು!" ಎಂದು ಮೇಲಿನಿಂದ ಅರಚಿದೆ.

"ರೈಲಿಗೆ ಮುಂಚೆ ಬಂದು ಇಳಿಸ್ತೀನಿ ಕಣಪ್ಪ. ಅಲ್ಲೀಗಂಟ ಡಬ್ಬ ಬಡಿ," ಎಂದರು ಅಪ್ಪ.

ಬಡಿದೆ. ಮಂಜು ಕರಗಿತು, ಬಿಸಿಲೇರಿತು. ಹಸಿ ತೆನೆಯ ಸಿಹಿ ವಾಸನೆ ಮೂಗಿಗೆ ಅಡರುತ್ತಿತ್ತು, ಅಟ್ಟಣೆಗೆ ಬಿಗಿದ ಹುರಿಹಗ್ಗ ತೊಡೆಗೆ ಚುಚ್ಚುತ್ತಿತ್ತು. ಕಟ್ಟಿಕೊಟ್ಟಿದ್ದ ರಾಗಿರೊಟ್ಟಿ ಮುಗಿಯಿತು, ಚೊಂಬಿನ ನೀರೂ ಮುಗಿಯಿತು. ಅಪ್ಪನ ಸುಳಿವಿಲ್ಲ. ಕಂಬ ಹಿಡಿದು ಜಾರೋಣವೆಂದರೆ ಕೆಳಗೆ ದನ ಬಾರದಂತೆ ಸುತ್ತಲೂ ಜಾಲಿಮುಳ್ಳು ಒಟ್ಟಿದ್ದರು. ಕಾಲು ಇಳಿಬಿಟ್ಟೆ, ಮತ್ತೆ ಮೇಲೆಳೆದುಕೊಂಡೆ. ಸಿಟ್ಟು ಬಂದು ಅತ್ತೆ. ಚೋಟುದ್ದದ ಗೀಜಗಕ್ಕೂ ರೆಕ್ಕೆ ಕೊಟ್ಟ ದೇವರು ನನಗೆ ಡಬ್ಬ ಕೊಟ್ಟಿದ್ದ.

ಆಗ ಕೇಳಿಸಿತು ನೋಡಿ, ರೈಲಿನ ಕೂಗು! ಕೆರೆಯ ಆಚೆ ದಡದಲ್ಲೇ ರೈಲುಹಳಿ. ಅಕ್ಕ ಖಂಡಿತ ಕಿಟಕಿಯ ಹತ್ತಿರ ಕೂತಿರುತ್ತಾಳೆ. ಅವಳು ಇತ್ತ ತಿರುಗಿ ನೋಡಬೇಕಲ್ಲ! ಎದ್ದು ನಿಂತು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಡಬ್ಬ ಬಡಿದೆ. "ಅಕ್ಕಾ! ಅಕ್ಕಾ!"

ಕೆರೆಯ ಹಕ್ಕಿಗಳಿಗೆ ರೈಲಿನ ಸದ್ದು ದಿನಾ ಕೇಳಿ ರೂಢಿಯಾಗಿತ್ತು. ನನ್ನ ಡಬ್ಬದ ಸದ್ದಿಗೆ ಮಾತ್ರ ಬೆಚ್ಚಿಬಿದ್ದವು. ಬೆಳ್ಳಕ್ಕಿ, ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆ ಎಲ್ಲ ಒಟ್ಟಿಗೇ ಭರ್ರನೆ ಎದ್ದವು. ನನಗೂ ರೈಲಿಗೂ ನಡುವೆ ಬರೀ ರೆಕ್ಕೆ. ಅವು ಚದುರುವ ಹೊತ್ತಿಗೆ ಹಳಿಯ ಮೇಲೆ ಒಂದಿಷ್ಟು ಹೊಗೆ ಉಳಿದಿತ್ತು.

ಸಂಜೆ ಅಪ್ಪ ಏಣಿ ಹೊತ್ತು ಓಡಿ ಬಂದರು. "ನೆಂಟರ ಗಲಾಟೇಲಿ ಮರ್ತೇಬಿಟ್ಟೆ ಮಗನೇ," ಎನ್ನುತ್ತ ನನ್ನನ್ನು ಕೆಳಗಿಳಿಸಿದರು. ನಾನು ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ.

ಸಂಕ್ರಾಂತಿಗೆ ಅಕ್ಕ ಬಂದವಳೇ ನನ್ನನ್ನು ತಬ್ಬಿಕೊಂಡಳು. "ನಿನ್ ಡಬ್ಬದ ಸದ್ದು ಕೇಳಿಸ್ತು ಕಣೋ! ಕೆರೆ ದಾಟೋಗಂಟ ಕೆಂಪು ಸೆರಗು ಬೀಸ್ತಾನೇ ಇದ್ದೆ. ನೋಡ್ದಾ?"

ಅವಳ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. "ನೋಡ್ದೆ ಅಕ್ಕ," ಎಂದೆ.

ಮೊನ್ನೆ ನೀವು ಬೈನಾಕ್ಯುಲರ್ ಹಿಡಿದು ಅದೇ ಕೆರೆಗೆ ಬಂದಿರಿ. ನಮ್ಮ ಗದ್ದೆಯಿದ್ದಲ್ಲಿ ಈಗ ಹಿಪ್ಪುನೇರಳೆ ತೋಟ, ಅಟ್ಟಣೆಯೂ ಇಲ್ಲ. ಹೆಜ್ಜಾರ್ಲೆ ಕಂಡ ಖುಷಿಗೆ ನಾನು ಕೂಗಿದರೆ, "ಶ್! ತಾತ, ಸೌಂಡ್ ಮಾಡ್ಬೇಡಿ, ಎಲ್ಲಾ ಹಾರ್ಹೋಗ್ತವೆ," ಎಂದು ನನ್ನನ್ನೇ ಗದರಿದಿರಿ. ಭಲೇ ಮಕ್ಕಳಾ! ಅವತ್ತು ನನಗೆ ಅಷ್ಟು ಬುದ್ಧಿ ಇರಲಿಲ್ಲ.

ನೀವು ಬೇಕೆಂದಾಗೆಲ್ಲ ವಿಡಿಯೋ ಕಾಲ್ ಮಾಡಿ ಮುಖ ನೋಡುವ ಹಿಂದೂಪುರದ ದೊಡ್ಡಜ್ಜಿಯೇ ನನ್ನ ಅಕ್ಕ. ಈಗಲೂ ಫೋನಿನಲ್ಲಿ ಕೇಳುತ್ತಾಳೆ, "ನನ್ ಕೆಂಪು ಸೆರಗು ನೆನಪೈತೇನೋ?" "ಐತೆ ಅಕ್ಕ," ಎನ್ನುತ್ತೇನೆ. ಅವಳ ಮುಂದೆ ಬಾಯಿ ಬಿಟ್ಟೀರಿ, ಜೋಕೆ! ಹಕ್ಕಿಗಳ ಮುಂದೆ ಕೂರುತ್ತೀರಲ್ಲ, ಹಾಗೆ ಸುಮ್ಮನಿರಿ.