ಮೀಸೆ ತೆಗೆದ ತಪ್ಪಿಗೆ

ನನ್ನ ಕೈಯದೇನೂ ತಪ್ಪಿಲ್ಲ, ಎಲ್ಲಾ ಈ ಹಾಳು ಬಾಯಿಯದು ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಥೂ, ಎಂಥ ಸಮಾಧಾನ!

ತೊಂಬತ್ತರ ದಶಕದ ಮಾತು. ಮರಾಠಿ ನಾಡಿನ ದೇಹೂ ರೋಡ್ ಎಂಬ ಊರಿನಲ್ಲಿ ನನ್ನದೊಂದು ಚಿಕ್ಕ ಕಟಿಂಗ್ ಅಂಗಡಿಯಿತ್ತು. ನಮ್ಮ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಕನ್ನಡ ಮಾತಾಡಲಿಕ್ಕೆಂದೇ ನನ್ನಲ್ಲಿಗೆ ಬರುತ್ತಿದ್ದರು. ಅವರಲ್ಲೊಬ್ಬ ಗೌಂಡಿ ಒಂದು ಮಧ್ಯಾಹ್ನ ಗಡಿಬಿಡಿಯಲ್ಲಿ ಬಂದು ಕೂತ. "ಅಪ್ಪನ್ನ ದವಾಖಾನಿಗಿ ಹಾಕ್ಯಾರ್ರಿ. ಸಂಜಿ ಬಸ್ಸಿಗಿ ಊರಿಗಿ ಹೊಂಟೀನಿ. ಗಡ್ಡ ತಗದು ಮೀಸಿ ಒಂದೀಟು ಸಮ ಮಾಡ್ರಿ" ಎಂದ.

ಕತ್ತಿ ಅವನ ತುಟಿಯ ಮೇಲಿತ್ತು. ಅಷ್ಟರಲ್ಲಿ ಪಕ್ಕದ ಅಂಗಡಿಯವನು ಸ್ಕೂಟರನ್ನು ನನ್ನ ಬಾಗಿಲಿಗೇ ಅಡ್ಡ ತಂದು ನಿಲ್ಲಿಸಿದ. ದಿನಾ ಇದೇ ಗೋಳು. ನನಗೆ ಪಿತ್ತ ನೆತ್ತಿಗೇರಿತು. ಕತ್ತು ಹೊರಳಿಸಿ ಮರಾಠಿಯಲ್ಲಿ ಅವನ ಜನ್ಮ ಜಾಲಾಡಿದೆ. ತಿರುಗಿ ನೋಡಿದರೆ ಎಡಗಡೆಯ ಮೀಸೆ ಅರ್ಧ ಹೋಗಿತ್ತು.

ಸರಿದೂಗಿಸಲು ಬಲಗಡೆ ಕೈಯಿಟ್ಟೆ. ಅಲ್ಲಿ ಹೆಚ್ಚಾಯಿತು. ಮತ್ತೆ ಎಡಗಡೆ. ಕೊನೆಗೆ ಮೂಗಿನ ಕೆಳಗೆ ನೊಣ ಕೂತಂತೆ ಒಂದು ಚೂರು ಉಳಿಯಿತು; ಅದನ್ನೂ ತೆಗೆದೆ. ನಮ್ಮ ಕಡೆ ಮಗ ಮೀಸೆ ಬೋಳಿಸುವುದು ಅಪ್ಪ ತೀರಿಕೊಂಡಾಗ. ಅವನು ಕನ್ನಡಿ ನೋಡಿಕೊಂಡು, "ನಮ್ಮಪ್ಪ ಇನ್ನಾ ಜೀವಂತ ಅದಾನ್ರಿ" ಎಂದು ಅತ್ತುಬಿಟ್ಟ. ನಾನೆಂಥ ನಾಲಾಯಕ್ಕು ನೋಡಿ, "ಮುಖಕ್ಕ ಟಾವೆಲ್ ಸುತ್ತಿಕೊಂಡು ಹೋಗಪಾ, ಏನೂ ಆಗಂಗಿಲ್ಲ" ಎಂದು ಕಳಿಸಿಬಿಟ್ಟೆ.

ಆಮೇಲೆ ಅನ್ನ ಸೇರಲಿಲ್ಲ. ಆ ಮುದುಕರಿಗೆ ಏನಾದರೂ ಆದರೆ ನಾನೇ ಕೊಂದಂತೆ ಎನಿಸುತ್ತಿತ್ತು. ನಾಚಿಕೆಗೆ ಹೆಂಡತಿಯ ಮುಂದೂ ಬಾಯಿಬಿಡಲಿಲ್ಲ.

ಕೆಲವು ವಾರಗಳ ಮೇಲೆ ಅವನೇ ಬಂದ. ಮೀಸೆ ಮತ್ತೆ ಬೆಳೆದಿತ್ತು. ಜೊತೆಯಲ್ಲೊಬ್ಬರು ಬಡಕಲು ಮುದುಕರು, ಅವನ ಅಪ್ಪ! ನನಗೆ ಹೋದ ಜೀವ ಬಂದಂತಾಯಿತು. ಅವರು ಕುರ್ಚಿಯಲ್ಲಿ ಕೂತು ತಮ್ಮ ಬಿಳಿ ಮೀಸೆ ಸವರಿಕೊಂಡರು.

"ನಾ ದವಾಖಾನ್ಯಾಗ ಗಂಜಿ ಕುಡೀಲಕತ್ತಿದ್ದೆ. ಇಂವ ಸೀದಾ ಮನಿಗಿ ಹೋಗ್ಯಾನ. ಟಾವೆಲ್ ತಗದ ಕೂಡ್ಲೆ ನನ್ನ ಹೆಂಡ್ತಿ ಒಂದು ಮಾತೂ ಕೇಳಲಿಲ್ಲ. ಎರಡೂ ಕೈ ಗ್ವಾಡಿಗಿ ಬಡದು ಬಳಿ ಒಡಕೊಂಡ್ಲು. ಇರಲಿ, ನಾನ ಮತ್ತ ಬಳಿ ಇಡಿಸೀನಿ. ಇವತ್ತರ ಬಾಯಿ ಮುಚ್ಚಿ ಕೆಲಸ ಮಾಡಪಾ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರ ಗಡ್ಡ ಮಾಡಿ ಮುಗಿಸುವವರೆಗೂ ತುಟಿ ಬಿಚ್ಚಲಿಲ್ಲ. ಹೊರಗೆ ಕಟ್ಟೆಯ ಮೇಲೆ ಆ ತಾಯಿ ಕೂತಿದ್ದರು. ಹೋಗಿ ಕಾಲಿಗೆ ಬಿದ್ದು, "ತಪ್ಪಾತ್ರಿ ಅವ್ವಾರ" ಎಂದೆ.

"ಅದಿರಲಿ, ಇವರ ಮೀಸಿ ಉಳಿಸೀಯೋ ಇಲ್ಲೋ?" ಎಂದರು.

"ಉಳಿಸೀನ್ರಿ" ಎಂದೆ. ಅವರು ನನ್ನನ್ನು ಎಬ್ಬಿಸಲು ಕೈ ಚಾಚಿದರು. ಕೈ ತುಂಬ ಹಸಿರು ಬಳೆ. ಬಳೆಗಳ ನಡುವೆ ಗಾಜು ಕೊಯ್ದ ಗಾಯ ಇನ್ನೂ ಮಾಯ್ದಿರಲಿಲ್ಲ.