ಮುಂಬಯಿಯಿಂದ ಸಾಂಬ್ರಾಕ್ಕೆ ಒಂದೂಕಾಲು ಗಂಟೆ

ಶ್ರೀ ಜ್ಞಾನದೇವ ಕಾಂಬಳೆಯವರಿಗೆ ಪಶುವೈದ್ಯ ಪದವಿ ಇರಲಿಲ್ಲ. ಆದರೂ ರಾಯಬಾಗ, ಅಥಣಿ, ಕಾಗವಾಡದ ಕಡೆ ಒಂದು ದಿನದ ಕೋಳಿಮರಿಯನ್ನು ಬದುಕಿಸುವ ಕೆಲಸದಲ್ಲಿ ಪದವೀಧರರೂ ಅವರ ಮಾತನ್ನೇ ಕೇಳುತ್ತಿದ್ದರು. ೧೯೭೧ರಲ್ಲಿ ನಮ್ಮ ಕೋಳಿ ಸಾಕಣೆ ಸಹಕಾರಿ ಸಂಘದ ಮೇಲ್ವಿಚಾರಕರಾದ ಅವರು ಇಪ್ಪತ್ತಾರು ವರ್ಷಗಳ ಬಳಿಕ ಅದೇ ಹುದ್ದೆಯಿಂದ ನಿವೃತ್ತರಾಗುತ್ತಿದ್ದಾರೆ. ಅದೇ ಹುದ್ದೆ ಏಕೆ ಎಂಬುದನ್ನು ಇಂಥ ಬೀಳ್ಕೊಡುಗೆಯ ಅಭಿನಂದನಾ ಸಂಪುಟಗಳಲ್ಲಿ ಬರೆಯುವ ರೂಢಿಯಿಲ್ಲ. ನಾನು ಬರೆಯುತ್ತೇನೆ.

ಹಾಸ್ಟೆಲ್ ಬಿಟ್ಟು ೧೯೯೨ರಲ್ಲಿ ಅವರ ಕೈಕೆಳಗೆ ಗುಮಾಸ್ತನಾಗಿ ಸೇರಿದೆ. ನಾನು ಡಬ್ಬಿ ತರದ ದಿನ ಅವರು ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು.

ಮರುವರ್ಷದ ಏಪ್ರಿಲ್‌ನಲ್ಲಿ ಚಿಂಚಲಿಯ ಕೂಲಿ ಹೆಂಗಸರ ಗುಂಪಿಗೆ ಮುಂಬಯಿಯಿಂದ ಮರಿ ತರಿಸಬೇಕಾಗಿತ್ತು. ಲಾರಿಗೆ ಹದಿನಾಲ್ಕು ಗಂಟೆ. ಹಿಂದಿನ ಸಲ ಸೆಕೆಗೆ ಕೆಲವು ಸತ್ತಿದ್ದವು. ಕಾಂಬಳೆಯವರು ಶಾಲೆಯ ಅಟ್ಲಾಸಿನ ಮೇಲೆ ಅಳತೆಪಟ್ಟಿ ಇಟ್ಟರು. ಮುಂಬಯಿಯಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಸುಮಾರು ನಾನೂರು ಕಿಲೋಮೀಟರ್, ಒಂದೂಕಾಲು ಗಂಟೆ. ಅಲ್ಲಿಂದ ಜೀಪಿನಲ್ಲಿ ಮೂರು ಗಂಟೆ. ವಿಮಾನವೇ ಸರಿ ಎಂದು ತಾವೇ ಬರೆದು ಸಹಿ ಹಾಕಿದರು.

ಗುಂಪಿನ ಮುಖ್ಯಸ್ಥೆ ಅಕ್ಕುತಾಯಿ ನಕ್ಕಳು. “ನಾವ ಇನ್ನೂ ಇಮಾನ ಹತ್ತಿಲ್ಲ, ಕೋಳಿಮರಿ ಹತ್ತತಾವೇನ್ರಿ ಸಾಹೇಬ್ರ?”

“ಅವಕ್ಕ ಇನ್ನೂ ರೆಕ್ಕಿ ಬಲಿತಿಲ್ಲಲ್ಲವಾ, ಅದಕ್ಕ ಕೂಡಿಸಿ ತರಸಾಕತ್ತೀನಿ.”

ಅದು ಚಿಕ್ಕ ವಿಮಾನ. ಪ್ರಯಾಣಿಕರ ಸಾಮಾನು ಹೆಚ್ಚಾಯಿತೆಂದು ಮರಿಗಳಿದ್ದ ಇಪ್ಪತ್ತು ಪೆಟ್ಟಿಗೆಗಳನ್ನೂ ಮುಂಬಯಿಯಲ್ಲೇ ಇಳಿಸಿದರು. ಮುಂದಿನ ವಿಮಾನ ಎರಡು ದಿನ ಬಿಟ್ಟು. ನಿಲ್ದಾಣಗಳ ನಡುವಿನ ದೂರವನ್ನು ಅಳೆದವರು ನಿಲ್ದಾಣದೊಳಗೆ ಕಾಯುವ ಹೊತ್ತನ್ನು ಅಳೆದಿರಲಿಲ್ಲ. ಪೆಟ್ಟಿಗೆಗಳು ಬಂದ ದಿನ ಅವರು ಸಾಂಬ್ರಾದ ಗೇಟಿನ ಹೊರಗೆ ನೆಲದ ಮೇಲೆ ಕುಳಿತು ಒಂದೊಂದನ್ನೇ ತೆರೆದರು. ಸತ್ತವನ್ನು ಎಣಿಸಿ ಬೇರೆಯಿಟ್ಟು, ಉಳಿದವುಗಳ ಕೊಕ್ಕನ್ನು ಬೆಲ್ಲದ ನೀರಿನಲ್ಲಿ ಅದ್ದಿ ಕುಡಿಸಿದರು.

ಕಾರ್ಯದರ್ಶಿ ತಾತ್ಯಾಸಾಹೇಬರು ಮರುದಿನ ಕರೆದರು. “ಕಾಂಬಳೆ, ಶೆಡ್ಡಿಗೆ ಬಂದ ಮ್ಯಾಲ ರೋಗ ಬಿದ್ದು ಸತ್ವು ಅಂತ ಬರೀರಿ. ಹೆಂಗಸರ ಮ್ಯಾಲ ಹೋಗ್ತೈತಿ. ನಿಮ್ಮ ಬಡ್ತಿನೂ ಉಳೀತೈತಿ.”

ಹಾಗೆ ಬರೆದಿದ್ದರೆ ಆ ಗುಂಪಿಗೆ ಮತ್ತೆ ಮರಿ ಸಿಗುತ್ತಿರಲಿಲ್ಲ. ಅವರ ಶೆಡ್ಡು ಬೇರೆಯವರ ಪಾಲಾಗುತ್ತಿತ್ತು.

“ಅವು ಶೆಡ್ಡಿನ ಬಾಗಲಾನ ನೋಡಿಲ್ರಿ,” ಎಂದರು ಕಾಂಬಳೆ. “ಲೆಕ್ಕ ತಪ್ಪಿದ್ದು ನಂದು.”

ತಪ್ಪು ತಮ್ಮದೆಂದೇ ವರದಿ ಬರೆದರು. ನಾನು ಟೈಪು ಮಾಡಿದೆ. ಆಗಸ್ಟ್‌ನಲ್ಲಿ ಅಕ್ಕುತಾಯಿಯ ಗುಂಪಿಗೆ ಹೊಸ ಮರಿಗಳು ಲಾರಿಯಲ್ಲಿ ಬಂದವು. ಕಾಂಬಳೆಯವರು ಮುಂಬಯಿಯಿಂದ ಪೆಟ್ಟಿಗೆಗಳ ಜೊತೆ ಹಿಂದೆಯೇ ಕುಳಿತು ಬಂದಿದ್ದರು. ಐವತ್ತನಾಲ್ಕರ ವಯಸ್ಸಿನಲ್ಲಿ ಅವರಿಗೆ ಇಳಿಯಲು ಇಬ್ಬರು ಕೈಕೊಡಬೇಕಾಯಿತು.

ನಿವೃತ್ತಿಯ ನಂತರವೂ ಅವರು ಚಿಂಚಲಿಯ ಶೆಡ್ಡಿಗೆ ಹೋಗಿಬರುತ್ತಾರೆಂದು ಬಲ್ಲೆ. ಅದಕ್ಕೆ ಬೇಕಾದಷ್ಟು ಆಯುಸ್ಸು, ನಡೆಯುವಷ್ಟು ಮೊಣಕಾಲಿನ ಬಲ ಅವರಿಗಿರಲಿ. ಸಂಘದ ಕಡತದಲ್ಲಿ ಆ ಏಪ್ರಿಲ್ಲಿನ ನಷ್ಟ ಹೀಗಿದೆ: ಎರಡು ಸಾವಿರದ ನಲವತ್ತು ಮರಿಗಳಲ್ಲಿ ಸತ್ತವು ಸಾವಿರದ ಮುನ್ನೂರ ಹನ್ನೆರಡು. ಕಡತದಲ್ಲಿ ಇಲ್ಲದ್ದು, ಆ ವರದಿಯಿಂದಾಗಿ ಕಾಂಬಳೆಯವರಿಗೆ ತಪ್ಪಿದ ಬಡ್ತಿ: ಎರಡು.