ಕಂಬದ ಹೋಟೆಲಿನ ಪರದೆ

ರೋಣದಲ್ಲಿ ಕಂಬದ ಹೋಟೆಲ್ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಕೆಡವಿದರು. ಆದರೂ ಕಂಡಕ್ಟರು ಇವತ್ತಿಗೂ ‘ಕಂಬದ ಹೋಟೆಲ್ ಯಾರ್ರಿ ಇಳಿಯೋರು’ ಎಂದು ಕೂಗುತ್ತಾನೆ. ಪಕ್ಕದ ಓಣಿ ಕಂಬದ ಹೋಟೆಲ್ ಓಣಿ, ಅಲ್ಲಿಯ ಕೊಳವೆಬಾವಿ ಕಂಬದ ಹೋಟೆಲ್ ಬೋರು. ಮೊನ್ನೆ ಮೊನ್ನೆ ಶುರುವಾದ ಮೊಬೈಲ್ ಅಂಗಡಿಯವನೂ ಬೋರ್ಡಿನ ಮೇಲೆ ‘ಕಂಬದ ಹೋಟೆಲ್ ಹತ್ತಿರ’ ಎಂದೇ ಬರೆಸಿದ್ದಾನೆ. ಅಜ್ಜನ ಕಾಲದ ಹೋಟೆಲ್ಲು, ಅದರ ಹೆಸರು ಅಷ್ಟು ಬೇಗ ಅಳಿಯುವುದಿಲ್ಲ. ನನಗಂತೂ ಆ ಹೆಸರು ಕಿವಿಗೆ ಬಿದ್ದರೆ ಅಲ್ಲಿಯ ಒಂದು ಪರದೆ ಕಣ್ಣ ಮುಂದೆ ಬರುತ್ತದೆ.

ನಮ್ಮ ಮನೆ ಗಜೇಂದ್ರಗಡದಲ್ಲಿ. ಅಕ್ಕ ಬೇರೆ ಜಾತಿಯ ಟೇಲರನನ್ನು ಮೆಚ್ಚಿ ಮದುವೆಯಾಗಿ ನರಗುಂದ ಸೇರಿದಳು. ‘ಇನ್ನ ನನ್ನ ಹೊಸ್ತಿಲ ತುಳಿಬ್ಯಾಡ’ ಎಂದುಬಿಟ್ಟ ಅಪ್ಪ. ಆಡಿದ ಮಾತನ್ನು ಅವನು ಹಿಂದೆ ತೆಗೆದುಕೊಂಡದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ರೋಣ ಎರಡೂ ಊರುಗಳ ನಡುವೆ ಇತ್ತು. ಅವ್ವ ಮತ್ತು ನಾನು ಇತ್ತಲಿಂದ, ಅಕ್ಕ ಅತ್ತಲಿಂದ ಬಸ್ ಹತ್ತಿ ತಿಂಗಳಿಗೊಮ್ಮೆ ಕಂಬದ ಹೋಟೆಲಿನಲ್ಲಿ ಸೇರುತ್ತಿದ್ದೆವು. ಅಪ್ಪ ಗೊತ್ತಿದ್ದೂ ಬೇಡ ಎನ್ನಲಿಲ್ಲ. ಹೆಣ್ಣುಮಕ್ಕಳಿಗೆಂದು ಅಲ್ಲಿ ಪರದೆ ಹಾಕಿದ ಒಂದು ಕೋಣೆ, ಅದಕ್ಕೆ ಓಣಿಯ ಕಡೆಯಿಂದಲೇ ಬೇರೆ ಬಾಗಿಲು. ಒಂಟಿ ಗಂಡಸರು ಅದರೊಳಗೆ ಕಾಲಿಡುತ್ತಿರಲಿಲ್ಲ.

ನಾಲ್ಕನೆಯ ತಿಂಗಳು ಅಪ್ಪನೂ ಬಸ್ ಹತ್ತಿದ. ‘ರೋಣದಾಗ ಸ್ವಲ್ಪ ಕೆಲಸ ಐತಿ’ ಎಂದ. ಅವನ ಕೆಲಸ ಏನೆಂದು ಆಮೇಲೆ ಗೊತ್ತಾಯಿತು. ನಾವು ಒಳಗೆ ಹೋದ ಮೇಲೆ ಮುಂಬಾಗಿಲಿನಿಂದ ಬಂದು, ಪರದೆಯ ಆಚೆಗಿದ್ದ ಬೆಂಚಿನ ಮೇಲೆ ಕೂತ. ಅಕ್ಕ ತನ್ನ ಬಸ್ಸಿಗೆ ಹೋದ ಮೇಲೆ ಅವ್ವ ನನ್ನ ಕೈ ಹಿಂಡಿ ಹೇಳಿದಳು: ‘ಅಕ್ಕಗ ಹೇಳಬ್ಯಾಡ. ಅಕಿಗೆ ಗೊತ್ತಾಗೇತಿ ಅಂದ್ರ ನಿಮ್ಮಪ್ಪ ಬರೂದ ಬಿಡ್ತಾರ.’

ಆಮೇಲೆ ಒಂದು ತಿಂಗಳೂ ಅಪ್ಪ ತಪ್ಪಿಸಲಿಲ್ಲ. ಅವ್ವ ಬೇಕಂತಲೇ ಜೋರಾಗಿ ಕೇಳುತ್ತಿದ್ದಳು, ‘ಹೊತ್ತಿಗೆ ಸರಿಯಾಗಿ ಉಣ್ತಿಯಿಲ್ಲ? ಅಂವ ಚಲೋ ನೋಡ್ಕೋತಾನಿಲ್ಲ?’ ಅಕ್ಕನಿಗೆ ಇಷ್ಟವಾದ ಮಿರ್ಚಿ ಭಜಿ ನಾವು ಹೇಳದೆಯೇ ಬರುತ್ತಿತ್ತು. ಒಮ್ಮೆ ಮಾಲೀಕರೇ ತಡೆಯಲಾರದೆ ಅಪ್ಪನಿಗೆ ಮೆಲ್ಲಗೆ ‘ಒಳಗ ಹೋಗ್ರಿ, ನಿಮ್ಮ ಮಗಳಲ್ಲೇನ್ರಿ’ ಎಂದರು. ‘ಅದು ಹೆಣ್ಮಕ್ಕಳ ಖೋಲಿ ಐತ್ರಿ. ಗಂಡಸರು ಹೋಗಬಾರದು’ ಎಂದ ಅಪ್ಪ. ಅವನಿಗೆ ಅದೊಂದು ನೆವ ಸಿಕ್ಕಿತ್ತು.

ಮರಳುವಾಗ ಬಸ್ಸಿನಲ್ಲಿ ಪ್ರತಿ ಸಲ ಅದೇ ಮಾತು: ‘ಮುಂದಿನ ಸಲ ಮಾತಾಡಸ್ತೀನಿ.’ ಒಂದು ಸಲ, ನಮ್ಮ ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ಇರುವಾಗ, ನನಗೆ ರೇಗಿಹೋಯಿತು. ‘ಅಕ್ಕನ ಬಸ್ಸು ಇನ್ನೂ ಬಿಟ್ಟಿಲ್ಲ. ಈಗ ಇಳಿ ನಡಿಯಪ್ಪ’ ಎಂದೆ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಅವತ್ತು ಅವನ ಕೈ ಹಿಡಿದು ಎಳೆದುಕೊಂಡು ಹೋಗಬೇಕಿತ್ತು. ನಾನೂ ಸುಮ್ಮನೆ ಕೂತೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಅಕ್ಕನಿಗೆ ಜ್ವರ ಬಂತು. ‘ದವಾಖಾನಿಗೆ ಸೇರಿಸೇನಿ’ ಎಂದು ಭಾವ ಫೋನ್ ಮಾಡಿದ ರಾತ್ರಿಯೇ ಅವಳು ಹೋಗಿಬಿಟ್ಟಳು. ನಾವು ನರಗುಂದ ಮುಟ್ಟುವಷ್ಟರಲ್ಲಿ ಮನೆಗೆ ತಂದು ಮಲಗಿಸಿದ್ದರು. ಅಪ್ಪ ಅವಳ ಮನೆಯ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಹೊಲಿಗೆ ಯಂತ್ರದ ಪಕ್ಕದಲ್ಲಿ, ಅವಳ ತಲೆಯ ಹತ್ತಿರ ಕೂತು, ‘ನಾನೂ ಬರ್ತಿದ್ದೆ ಅಂತ ಅಕಿಗೆ ಕಡೀಕೂ ಗೊತ್ತಾಗ್ಲಿಲ್ಲ’ ಎಂದ.

ಭಾವ ಮೆತ್ತಗೆ ಹೇಳಿದ: ‘ಗೊತ್ತಿತ್ರಿ ಮಾವಾರ. ಪರದೆ ಕೆಳಗ ನಿಮ್ಮ ಕಾಲು ಕಾಣ್ತಿದ್ವಂತ. ನಾನ ಎದ್ದು ಹ್ವಾದ್ರ ಅಪ್ಪಗ ನಾಚಿಕಿ ಆಗಿ ಬರೂದ ಬಿಡ್ತಾರ ಅಂತಿದ್ಲು. ಇಷ್ಟು ದೂರ ಬಂದಾರ, ಇನ್ನ ನಾಕ ಹೆಜ್ಜಿ ತಾವ ಬರ್ತಾರ ಅಂತಿದ್ಲು.’

ಅಪ್ಪ ಅಕ್ಕನ ಮುಖವನ್ನೇ ನೋಡುತ್ತಿದ್ದ. ಅವ್ವ ಅಳುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

‘ನಾಕ ಹೆಜ್ಜಿ ಇರಲಿಲ್ಲವ್ವಾ’ ಎಂದ ಅಪ್ಪ, ಅಕ್ಕನಿಗೆ. ‘ಎರಡ ಇದ್ವು.’